ಹಿತ್ತಲಿಗೆ ಉತಾರ ಯಾಕೆ ಬೇಕು?

ನಮ್ಮ ಲಲಿತ ಪ್ರಬಂಧಗಳಲ್ಲಿ ಬರುವ ಹಿತ್ತಲು ಸಾಮಾನ್ಯವಾಗಿ ಸ್ವಂತದ್ದು. ಅಜ್ಜ ನೆಟ್ಟ ಹಲಸು, ಅಜ್ಜಿ ನೀರೆರೆದ ಮಲ್ಲಿಗೆ, ಬಾವಿಕಟ್ಟೆ, ರಜೆಯಲ್ಲಿ ಬಂದ ಮೊಮ್ಮಕ್ಕಳು. ಬಾಡಿಗೆದಾರನಿಗೆ ಈ ಬರವಣಿಗೆಯಲ್ಲಿ ಹೆಚ್ಚೆಂದರೆ ಒಂದು ಕಿಟಕಿ ಸಿಗುತ್ತದೆ, ಅದರಾಚೆ ಮಾಲಕರ ತೆಂಗಿನಮರ. ಓದು, ನೌಕರಿ ಎಂದು ಊರು ಬಿಟ್ಟ ನಮ್ಮಲ್ಲಿ ಬಹಳ ಮಂದಿ ಅರ್ಧ ಆಯುಷ್ಯವನ್ನು ಬಾಡಿಗೆ ಮನೆಗಳಲ್ಲಿಯೇ ಕಳೆಯುತ್ತೇವೆ. ಮಣ್ಣಿನ ಮೇಲಿನ ಪ್ರೀತಿಯನ್ನು ಮಾತ್ರ ಸ್ವಂತ ಮನೆಯ ಗೃಹಪ್ರವೇಶದ ತನಕ ಮುಂದೂಡುತ್ತೇವೆ. ನನ್ನ ತಕರಾರು ಈ ಮುಂದೂಡಿಕೆಯ ಮೇಲೆ. ಗಿಡ ನೆಡಲು ಮಣ್ಣು, ನೀರು, ಬಿಸಿಲು ಬೇಕು. ಉತಾರ ಬೇಕಿಲ್ಲ.

ನಾನಿರುವುದು ಹಾನಗಲ್ಲಿನಲ್ಲಿ. ಪಕ್ಕದಲ್ಲಿ ಧರ್ಮಾ ನದಿ, ಊರಿಗೆ ಹೊಂದಿ ಆನಿಕೆರೆ, ಸುತ್ತ ಭತ್ತದ ಗದ್ದೆ, ಮಾವಿನ ತೋಪು. ಅರೆಮಲೆನಾಡಿನ ಸೆರಗಿನ ಇಂಥ ಊರಿನಲ್ಲಿ ಬಾಡಿಗೆ ಮನೆಗಳ ಹಿಂಬಾಗಿಲು ತೆರೆದರೆ ಕಾಣುವುದು ಏನು? ಮನೆ ಕಟ್ಟುವಾಗ ಉಳಿದ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟ್ ಚೀಲ, ಒಂದು ಬಟ್ಟೆ ಒಗೆಯುವ ಕಲ್ಲು, ಬಚ್ಚಲ ನೀರು ನಿಂತ ಕೆಸರು. ಇಲ್ಲವೇ ಗೋಡೆಯಿಂದ ಗೋಡೆಗೆ ಕಾಂಕ್ರೀಟು. ಇದಕ್ಕೆ ಬಡತನ ಕಾರಣ ಎಂದು ನಾನು ಒಪ್ಪುವುದಿಲ್ಲ. ಇದೇ ತಾಲೂಕಿನ ಹಳ್ಳಿಗಳಲ್ಲಿ ನಮಗಿಂತ ಬಡವರ ಮನೆಯ ಹಿಂದೆ ನುಗ್ಗೆ, ಕರಿಬೇವು, ಅಬ್ಬಲಿಗೆ ಇರುತ್ತವೆ. ಹಿತ್ತಲನ್ನು ಬೋಳಾಗಿ ಇಟ್ಟಿರುವುದು ಹನ್ನೊಂದು ತಿಂಗಳ ಕರಾರು ಪತ್ರ.

ಹನ್ನೊಂದೇ ಯಾಕೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದು ಹಿಡಿದ ದಾರಿ ಹನ್ನೊಂದು ತಿಂಗಳು. ಕಚೇರಿಯ ಅನುಕೂಲಕ್ಕೆ ಹುಟ್ಟಿದ ಅಂಕಿ ನಮ್ಮ ತಲೆಯೊಳಗೆ ಹೊಕ್ಕು ಕುಳಿತಿದೆ. ಎಂಟು ವರ್ಷ ಒಂದೇ ಮನೆಯಲ್ಲಿ ಇದ್ದವರು ಕೂಡ ಒಂದು ಕರಿಬೇವಿನ ಸಸಿ ನೆಟ್ಟಿರುವುದಿಲ್ಲ. ಪ್ರತಿ ವರ್ಷವೂ ಅವರಿಗೆ ಅದು ಕೊನೆಯ ವರ್ಷ.

ನಾನು ಗುದ್ದಲಿ ಹಿಡಿದಾಗ ಓಣಿಯವರು ಕೇಳಿದ್ದೂ ಅದನ್ನೇ: “ಮಂದಿ ಮನ್ಯಾಗ ಯಾಕ ರೊಕ್ಕ ಸುರೀತೀರಿ? ನಾಳೆ ಮನಿ ಬಿಡ್ರಿ ಅಂದ್ರ ಗಿಡಾ ಹೆಗಲ ಮ್ಯಾಲ ಹೊತ್ಕೊಂಡ ಹೋಗ್ತೀರೇನು?” ಕೇಳಲಿಕ್ಕೆ ವ್ಯವಹಾರದ ಮಾತು. ಲೆಕ್ಕಕ್ಕೆ ಕೂತರೆ ನಿಲ್ಲುವುದಿಲ್ಲ. ಮೆಂತ್ಯ ಸೊಪ್ಪು ಒಂದು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ, ರಾಜಗಿರಿಯೂ ಹಾಗೆಯೇ. ಮೂಲಂಗಿಗೆ ಒಂದೂವರೆ ತಿಂಗಳು. ಬೆಂಡೆ, ಚವಳಿಕಾಯಿಗೆ ಸುಮಾರು ಎರಡು ತಿಂಗಳು. ಬದನೆ, ಮೆಣಸಿನ ಅಗಿ ಹಚ್ಚಿದರೆ ಎರಡೂವರೆ ತಿಂಗಳಿಗೆ ಕಾಯಿ. ಕುಂಬಳಕ್ಕೆ ಮೂರು-ಮೂರೂವರೆ ತಿಂಗಳು. ಪಪ್ಪಾಯಿ ಕೂಡ ಹತ್ತು ತಿಂಗಳ ಹೊತ್ತಿಗೆ ಹಣ್ಣು ಕೊಡಬಲ್ಲದು. ಕರಾರು ಹನ್ನೊಂದು ತಿಂಗಳದ್ದೇ ಆದರೂ ಅದರೊಳಗೆ ಎರಡು-ಮೂರು ಬೆಳೆ ತೆಗೆಯಬಹುದು.

ಇನ್ನು ರೊಕ್ಕದ ಮಾತು. ನಮ್ಮ ಹಿತ್ತಲು ಹದಿನೈದು ಅಡಿ ಅಗಲ, ಇಪ್ಪತ್ತು ಅಡಿ ಉದ್ದ. ನಾಲ್ಕು ಚೀಲ ತಿಪ್ಪೆಗೊಬ್ಬರಕ್ಕೆ 240 ರೂಪಾಯಿ, ಅದನ್ನು ತಂದ ಗಾಡಿಗೆ 200, ಬೀಜಕ್ಕೆ 150, ಬದನೆ-ಮೆಣಸಿನ ಅಗಿಗೆ 60, ಚಪ್ಪರಕ್ಕೆ ಬೇಕಾದ ತಂತಿಗೆ 120. ಒಟ್ಟು 770 ರೂಪಾಯಿ. ಉಳಿದದ್ದು ಮೈಮುರಿದು ಮಾಡಿದ್ದು, ಬೇಡಿ ತಂದದ್ದು. ಎರಡು ಭಾನುವಾರ ಇಟ್ಟಿಗೆ ಚೂರು ಆರಿಸಿ ಅವನ್ನೇ ಮಡಿಗಳ ಅಂಚಿಗೆ ಜೋಡಿಸಿದೆವು. ಅಗೆದ ನೆಲಕ್ಕೆ ಗೊಬ್ಬರ ಬೆರೆಸಿ, ಮೇಲೆ ಭತ್ತದ ಹುಲ್ಲು ಹೊದಿಸಿದೆವು. ಇದರಿಂದ ಮಣ್ಣಿನ ತೇವ ಬೇಗ ಆರುವುದಿಲ್ಲ. ಪರಿಚಯದವರ ಹಿತ್ತಲಿನಿಂದ ನುಗ್ಗೆಯ ಟೊಂಗೆ ಬಂತು, ಬಸಳೆಯ ಕಡ್ಡಿ ಬಂತು, ಬಾಳೆಯ ಕಂದು ಬಂತು. ಈ ಮೂರಕ್ಕೂ ನರ್ಸರಿಯ ಹಂಗಿಲ್ಲ. ಬಚ್ಚಲ ನೀರಿಗೆ ಒಂದು ಕಾಲುವೆ ತೋಡಿ ಬಾಳೆಯ ಬುಡಕ್ಕೆ ತಿರುಗಿಸಿದೆವು. ಸಾಬೂನಿನ ನೀರು ಸೊಪ್ಪಿನ ಮಡಿಗೆ ಹೋಗದಂತೆ ನೋಡಿಕೊಂಡರೆ ಸಾಕು. ನಳ ಬಾರದ ದಿನಗಳಿಗೆ ಇನ್ನೊಂದು ಉಪಾಯವಿದೆ: ಸುಣ್ಣ-ಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ಕುತ್ತಿಗೆ ತನಕ ಹೂತು, ನೀರು ತುಂಬಿ, ಬಾಯಿ ಮುಚ್ಚಿಡುವುದು. ಗಡಿಗೆಯ ಮೈಯಿಂದ ನೀರು ಒಸರುತ್ತ ಸುತ್ತಲಿನ ಬೇರಿಗೆ ತಾನೇ ತಲುಪುತ್ತದೆ.

ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. “ಕಡಿಮೆ ಖರ್ಚಿನಲ್ಲಿ ಹಿತ್ತಲ ಅಲಂಕಾರ” ಎಂದು ಮೊಬೈಲಿನಲ್ಲಿ ಬರುವ ವಿಡಿಯೊಗಳನ್ನು ನೋಡಿ. ಪ್ಲಾಸ್ಟಿಕ್ ಹುಲ್ಲಿನ ಚಾಪೆ, ಬಿಳಿ ಗುಂಡುಕಲ್ಲು, ಬಣ್ಣದ ದೀಪದ ಸರ, ಫೈಬರ್ ಕುಂಡ. ಒಂದು ಹನಿ ನೀರನ್ನೂ ಭೂಮಿಗೆ ಬಿಡದ, ಒಂದು ಎಲೆಯನ್ನೂ ಸಾರಿಗೆ ಕೊಡದ ಸರಕು. ಅಲ್ಲಿ ಹಿತ್ತಲು ಎಂದರೆ ಫೋಟೊ ತೆಗೆಯುವ ಜಾಗ. ಕೈಯಲ್ಲಿ ಕಾಸಿಲ್ಲದವರ ಆಸೆಯನ್ನು ಹಿಡಿದು ಇನ್ನಷ್ಟು ಖರ್ಚಿಗೆ ಹಚ್ಚುವ ಈ ವ್ಯಾಪಾರಕ್ಕೆ ಕಡಿಮೆ ಖರ್ಚು ಎಂಬ ಹೆಸರು ಬೇರೆ.

ಮಾಲಕರ ಅಂಜಿಕೆಗಳನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗಿಡ ಬೆಳೆದರೆ ಹಾವು ಬರುತ್ತದೆ ಎನ್ನುತ್ತಾರೆ. ಹಾವು ಬರುವುದು ಇಲಿ-ಕಪ್ಪೆಗೆ, ಅಡಗುವುದು ಸಂದುಗೊಂದಿನಲ್ಲಿ. ಇಟ್ಟಿಗೆ ರಾಶಿ, ಹಳೆಯ ಕಟ್ಟಿಗೆ, ಕಸದ ಗುಡ್ಡೆ ಅದಕ್ಕೆ ಹೇಳಿ ಮಾಡಿಸಿದ ಮನೆ. ದಿನಾ ಕೈಯಾಡುವ ಸೊಪ್ಪಿನ ಮಡಿಗಿಂತ ಯಾರೂ ಕಾಲಿಡದ ಪಾಳು ಹಿತ್ತಲೇ ಹೆಚ್ಚು ಅಪಾಯ. ಬೇರು ಪಾಯ ಒಡೆಯುತ್ತದೆ, ಗೋಡೆಗೆ ತಂಪು ಏರುತ್ತದೆ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಗೋಡೆಯಿಂದ ಮೂರು ಅಡಿ ಬಿಟ್ಟು ಮಡಿ ಮಾಡಬೇಕು, ದೊಡ್ಡ ಮರದ ಜಾತಿಯನ್ನು ಹಚ್ಚಬಾರದು. ಆದರೆ ಇದಕ್ಕೆ ಉತ್ತರ ಕಾಂಕ್ರೀಟಲ್ಲ. ನಮ್ಮ 300 ಚದರಡಿಯ ಹಿತ್ತಲ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 280 ಲೀಟರ್ ನೀರು. ಮಣ್ಣಿದ್ದರೆ ಬಹುಪಾಲು ಇಂಗುತ್ತದೆ. ಕಾಂಕ್ರೀಟ್ ಇದ್ದರೆ ಗಟಾರು ಸೇರಿ ತಗ್ಗಿನ ಓಣಿಯವರ ಮನೆ ಬಾಗಿಲಿಗೆ ಹೋಗುತ್ತದೆ. ಆಮೇಲೆ ಬೇಸಿಗೆಯಲ್ಲಿ ಬೋರಿಗೆ ನೀರಿಲ್ಲ ಎಂದು ಅದೇ ಮನೆಯ ಮಾಲಕ-ಬಾಡಿಗೆದಾರ ಇಬ್ಬರೂ ಟ್ಯಾಂಕರಿಗೆ ಕಾಯುತ್ತಾರೆ.

ಬಾಯಿಬಿಟ್ಟು ಹೇಳದ ಅಂಜಿಕೆಯೊಂದು ಬೇರೆ ಇದೆ. ಗಿಡ ನೆಟ್ಟವನು ನಾಳೆ ಜಾಗವೇ ನನ್ನದು ಎಂದರೆ? 1974ರ ಭೂಸುಧಾರಣೆಯ ನೆನಪು ನಮ್ಮ ಕಡೆ ಇನ್ನೂ ಹಸಿಯಾಗಿದೆ. ಅಂದು ಉಳುವ ಗೇಣಿದಾರನಿಗೆ ಹೊಲ ಸಿಕ್ಕಿತು, ಅದು ನ್ಯಾಯವೇ ಆಗಿತ್ತು. ಆದರೆ ಮನೆ ಬಾಡಿಗೆ ಗೇಣಿಯಲ್ಲ. ಬಾಡಿಗೆ ಮನೆಯ ಹಿತ್ತಲಿನಲ್ಲಿ ಬದನೆ ಬೆಳೆದರೆ ಯಾರಿಗೂ ಒಡೆತನ ಬರುವುದಿಲ್ಲ. ಕಾನೂನು ಕೊಡುವುದು ಬೇರೆ, ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲದ ಹಕ್ಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಓದಿ. ಅದಕ್ಕೆ ವಿರುದ್ಧವಾದ ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದರೆ, ಬಾಡಿಗೆದಾರ ತಾನು ನೆಲಕ್ಕೆ ಸೇರಿಸಿದ್ದನ್ನು ಮನೆ ತನ್ನ ವಶದಲ್ಲಿರುವ ತನಕ ತೆಗೆದುಕೊಂಡು ಹೋಗಬಹುದು. ಜಾಗವನ್ನು ಮೊದಲಿನ ಸ್ಥಿತಿಯಲ್ಲಿ ಬಿಡಬೇಕು, ಅಷ್ಟೆ. ಬೇರು ಬಿಟ್ಟ ಗಿಡವೂ ಈ ಕಾಯ್ದೆಯ ಕಣ್ಣಿಗೆ ನೆಲಕ್ಕೆ ಸೇರಿಸಿದ ವಸ್ತುವೇ. ಅವಧಿ ಗೊತ್ತುಮಾಡದ ಬಾಡಿಗೆ ಅವನ ತಪ್ಪಿಲ್ಲದೆ ಮುಗಿದರೆ, ಅವನು ಬಿತ್ತಿ ನೆಟ್ಟ ಬೆಳೆ ಅವನದೇ. ಕೊಯ್ದು ಒಯ್ಯಲು ಬಂದು ಹೋಗುವ ಹಕ್ಕೂ ಅವನಿಗಿದೆ. ಹೆಗಲ ಮೇಲೆ ಹೊತ್ತುಕೊಂಡು ಹೋಗ್ತೀರೇನು ಎಂಬ ಪ್ರಶ್ನೆಗೆ ಕಾನೂನು ಸುಮಾರು ನೂರನಲವತ್ತು ವರ್ಷದ ಹಿಂದೆಯೇ ಹೌದು ಎಂದಿದೆ.

ನೆಲ ಇಲ್ಲದವರಿಗೆ ಬೆಳೆಯುವ ಜಾಗ ಕೊಡಬೇಕು ಎಂಬುದು ಬೇರೆ ಕಡೆ ಸರ್ಕಾರದ ಹೊಣೆಯೂ ಆಗಿದೆ. ಇಂಗ್ಲೆಂಡಿನ 1908ರ ಕಾಯ್ದೆಯಂತೆ ಊರಿನ ಆರು ಜನ ಮತದಾರರು ಲಿಖಿತವಾಗಿ ಕೇಳಿದರೆ ಸ್ಥಳೀಯ ಆಡಳಿತ ಅದನ್ನು ಗಣನೆಗೆ ತೆಗೆದುಕೊಳ್ಳಬೇಕು, ಬೇಡಿಕೆ ನಿಜವೆನಿಸಿದರೆ ತರಕಾರಿ ಬೆಳೆಯಲು ತುಂಡು ನೆಲ ಒದಗಿಸಬೇಕು. ನಮ್ಮಲ್ಲಿ ತೋಟಗಾರಿಕೆಯ ಸಹಾಯಧನ ಎಂದರೆ ಮೊದಲು ಉತಾರ ತನ್ನಿ ಎನ್ನುತ್ತಾರೆ. ಬಾಡಿಗೆದಾರ ಅಲ್ಲಿಯೇ ಹೊರಗೆ.

ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂದು ವಿಚಾರಿಸಿ ಮನೆ ಕೊಡುವ ಊರುಗಳು ನಮ್ಮವು. ಹಿತ್ತಲಿನಲ್ಲಿ ಏನು ಬೆಳೆಯುತ್ತೀರಿ ಎಂದು ಯಾರೂ ಕೇಳುವುದಿಲ್ಲ, ಬೆಳೆಯುತ್ತಾರೆ ಎಂಬ ಕಲ್ಪನೆಯೇ ಇಲ್ಲ. ಜಾತಿ ಕೇಳಿ, ಊಟ ಕೇಳಿ, ಮುಂಗಡ ಎಣಿಸಿಕೊಂಡು ಕೊಟ್ಟ ಮನೆಯಲ್ಲಿ ಬಾಡಿಗೆದಾರ ಸದಾ ತುದಿಗಾಲಲ್ಲಿ ಇರಬೇಕು ಎಂಬುದು ಅಲಿಖಿತ ನಿಯಮ. ಗೋಡೆಗೆ ಮೊಳೆ ಬೇಡ, ಹೆಚ್ಚು ನೆಂಟರು ಬೇಡ, ಹಿತ್ತಲಿಗೆ ಗುದ್ದಲಿ ಬೇಡ. ಹಗಲೆಲ್ಲ ಮನೆಯಲ್ಲೇ ಇರುವ ಹೆಂಗಸರಿಗೆ, ವಯಸ್ಸಾದವರಿಗೆ ಈ ನಿಯಮದ ಭಾರ ಹೆಚ್ಚು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆ ಗಾದೆ ಹುಟ್ಟಿದ್ದು ಹಿತ್ತಲಿನಲ್ಲಿ ಗಿಡ ಇದ್ದ ಕಾಲದಲ್ಲಿ.

ನಾನು ಕೇಳುತ್ತಿರುವುದು ಬಹಳ ಸಣ್ಣದು. ಕರಾರು ಪತ್ರದಲ್ಲಿ ಒಂದು ಸಾಲು ಸೇರಲಿ: ಗೋಡೆಯಿಂದ ಮೂರು ಅಡಿ ಬಿಟ್ಟು ಬಾಡಿಗೆದಾರರು ಹಿತ್ತಲಿನಲ್ಲಿ ಬೆಳೆ ಬೆಳೆಯಬಹುದು, ಮನೆ ಬಿಡುವಾಗ ಇಷ್ಟವಿದ್ದದ್ದನ್ನು ಒಯ್ಯಬಹುದು. ಒಯ್ಯಲಾಗದ ನುಗ್ಗೆ, ಕರಿಬೇವು ಮುಂದೆ ಬರುವವರಿಗೆ ಉಳಿಯುತ್ತವೆ. ಅದನ್ನು ನಷ್ಟ ಎನ್ನುವವರು ತಮ್ಮ ಊರಿನ ಸಾಲುಮರಗಳ ನೆರಳಿನಲ್ಲಿ ನಿಲ್ಲುವಾಗ ಅವನ್ನು ಯಾರು ನೆಟ್ಟರು ಎಂದು ಒಮ್ಮೆ ಯೋಚಿಸಲಿ.

ಇದನ್ನು ಓದುತ್ತಿರುವವರಲ್ಲಿ ಹಲವರು ಮುಂದಿನ ಜೂನ್‌ಗೆ ಧಾರವಾಡದಲ್ಲೋ ಹಾವೇರಿಯಲ್ಲೋ ರೂಮು ಹುಡುಕುತ್ತೀರಿ. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕರೆಂಟಿಗೆ ಬೇರೆ ಮೀಟರ್ ಇದೆಯೇ ಎಂದು ಹೇಗೂ ಕೇಳುತ್ತೀರಿ. ಮುಂಗಡ ಕೊಡುವ ಮೊದಲು ಹಿಂಬಾಗಿಲನ್ನೂ ತೆಗೆಸಿ ನೋಡಿ. ಮಣ್ಣು ಕಂಡರೆ, ಇಲ್ಲಿ ಒಂದು ಮಡಿ ಮಾಡಿಕೊಳ್ಳಬಹುದೇ ಎಂದು ಕೇಳಿ. ಹತ್ತು ಜನ ಕೇಳಿದ ಮೇಲೆ ಹನ್ನೊಂದನೆಯ ಮಾಲಕ ಕಾಂಕ್ರೀಟ್ ಕಲಸುವ ಮೊದಲು ಒಂದು ಕ್ಷಣ ಯೋಚಿಸಿಯಾನು.