ಮಾತು ಕೇಳಿ ದೇಶ ತೀರ್ಮಾನಿಸಬೇಡಿ

ಹೆಬ್ಬೂರು, ಗುಬ್ಬಿ, ಕುಣಿಗಲ್ ಕಡೆಯ ಬಂಧುಗಳೇ,

ನಮ್ಮ ಕಡೆ ಮನೆ ಕಟ್ಟಿಸುವವರು ಈಗ ಟೈಲ್ಸ್ ಹಾಕಲು, ಸೆಂಟ್ರಿಂಗ್ ಕಟ್ಟಲು ಹೊರರಾಜ್ಯದ ಹುಡುಗರನ್ನೇ ಕರೆಸುತ್ತಾರೆ. ಕೋಳಿ ಫಾರಂಗಳಲ್ಲಿ, ಹೋಟೆಲುಗಳಲ್ಲಿ, ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವವರಲ್ಲೂ ಬಿಹಾರ, ಒಡಿಶಾ, ಅಸ್ಸಾಂ, ಬಂಗಾಳದವರಿದ್ದಾರೆ. ಇವರಲ್ಲಿ ಬಂಗಾಳಿ ಆಡುವವರ ಬದುಕು ಈಚೆಗೆ ತೂಗುಗತ್ತಿಯ ಕೆಳಗಿದೆ. ಯಾರೋ ಮೊಬೈಲ್ ಹಿಡಿದು ‘ಇವನು ಬಾಂಗ್ಲಾದವನು’ ಅಂದರೆ ಸಾಕು, ಸಂಜೆಯೊಳಗೆ ಅದು ಹತ್ತಾರು ಗ್ರೂಪು ಸುತ್ತಿರುತ್ತದೆ. ನಮ್ಮ ಊರುಗಳಲ್ಲಿ ಹಾಗಾಗದಿರಲಿ ಎಂದು ಈ ಮನವಿ.

ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. 2020ರ ಜನವರಿಯಲ್ಲಿ ಅಲ್ಲಿನ ಗುಡಿಸಲುಗಳಲ್ಲಿ ಬಾಂಗ್ಲಾದೇಶದವರಿದ್ದಾರೆ ಎಂಬ ವಿಡಿಯೊ ಹರಿದಾಡಿತು. ಅದರ ಬೆನ್ನಲ್ಲೇ ಜೆಸಿಬಿ ಬಂತು. ನೆಲಸಮವಾದ ಶೆಡ್ಡುಗಳ ಮುಂದೆ ನಿಂತು ಜನ ಆಧಾರ್, ಮತದಾರರ ಚೀಟಿ ತೋರಿಸುತ್ತಿದ್ದರು. ಅಸ್ಸಾಂ, ತ್ರಿಪುರಾ, ಬಂಗಾಳದವರ ಜೊತೆ ನಮ್ಮದೇ ಉತ್ತರ ಕರ್ನಾಟಕದಿಂದ ಗುಳೆ ಬಂದವರೂ ಅಲ್ಲಿದ್ದರು. ಅಚ್ಚಕನ್ನಡ ಮಾತಾಡುವವರ ಸೂರೂ ಬಾಂಗ್ಲಾದವರ ಹೆಸರಿನಲ್ಲಿ ಹೋಯಿತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿಗೆ ಹೋದ ಮೇಲೆ ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ಪೀಠ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡು, ಪುನರ್ವಸತಿಯ ಹೊಣೆ ಹೊರಿಸಿತು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. 2022ರ ಜುಲೈನಲ್ಲಿ ಬಂಗಾಳದ ಬರ್ಧಮಾನ್ ಕಡೆಯ ಗಂಡ ಹೆಂಡತಿಯನ್ನು ಬಾಂಗ್ಲಾದೇಶದವರೆಂಬ ಶಂಕೆಯ ಮೇಲೆ ಬೆಂಗಳೂರಿನಲ್ಲಿ ಬಂಧಿಸಿದರು. ಜೊತೆಗೆ ಪುಟ್ಟ ಮಗು. 301 ದಿನ ಅವರು ಜೈಲಿನಲ್ಲಿದ್ದರು. ಕೋರ್ಟು ಜಾಮೀನು ಕೊಟ್ಟ ಮೇಲೂ ಬಿಡುಗಡೆಗೆ ವಾರಗಳೇ ಹಿಡಿದವು, ಏಕೆಂದರೆ ಅವರ ಪರವಾಗಿ ನಿಲ್ಲುವ ಸ್ಥಳೀಯ ಜಾಮೀನುದಾರರು ಬೇಕಿತ್ತು. ಒಂದು ಪಹಣಿ ಹಿಡಿದು ಕೋರ್ಟಿಗೆ ಬರುವ ಒಬ್ಬ ರೈತ ಅವರಿಗೆ ಗೊತ್ತಿದ್ದರೆ! ನಮ್ಮಲ್ಲಿ ಎಷ್ಟು ಜನರ ಹತ್ತಿರ ಪಹಣಿ ಇಲ್ಲ ಹೇಳಿ?

ಕಾನೂನು ಈಗ ಮೊದಲಿಗಿಂತ ಬಿಗಿಯಾಗಿದೆ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಯಲ್ಲಿದೆ. ತಾನು ವಿದೇಶಿಯಲ್ಲ ಎಂದು ರುಜುವಾತು ಮಾಡುವ ಭಾರ ಇದರಲ್ಲೂ ಆ ಮನುಷ್ಯನ ಮೇಲೆಯೇ ಇದೆ. ಆದರೆ ಅದೇ ಭಾರವನ್ನು ಹೊರಿಸುತ್ತಿದ್ದ ಹಳೆಯ ಕಾಯ್ದೆಯಡಿಯ ಅಸ್ಸಾಮಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಖಡಾಖಂಡಿತವಾಗಿ ಹೇಳಿದೆ: ಬರೀ ಗುಮಾನಿ ಸಾಲದು, ಶಂಕೆಗೆ ಆಧಾರವೇನೆಂದು ಅಧಿಕಾರಿ ಮೊದಲು ತೋರಿಸಬೇಕು. ಆಧಾರ್ ಕಾರ್ಡೊಂದೇ ಪೌರತ್ವಕ್ಕೆ ಪುರಾವೆಯಲ್ಲ ಎಂಬುದೂ ನೆನಪಿರಲಿ. ಜನನ ಪ್ರಮಾಣಪತ್ರ, ಶಾಲೆಯ ಟಿ.ಸಿ., ಅಪ್ಪ ಅಮ್ಮನ ಹೆಸರಿರುವ ಹಳೆಯ ಮತದಾರರ ಪಟ್ಟಿ, ಜಮೀನಿನ ಕಾಗದ, ಇವುಗಳಿಗೆ ತೂಕ ಹೆಚ್ಚು. ನಿಮ್ಮ ಕೈಕೆಳಗೆ ದುಡಿಯುವ ಹುಡುಗನಿಗೆ ಊರಿಗೆ ಫೋನ್ ಮಾಡಿಸಿ, ಈ ಕಾಗದಗಳ ಫೋಟೊ ತರಿಸಿ, ಒಂದು ಪ್ರತಿ ನಿಮ್ಮ ಬಳಿಯೂ ಇಟ್ಟುಕೊಳ್ಳಿ.

ಪೊಲೀಸರು ಯಾರನ್ನಾದರೂ ಕರೆದೊಯ್ದರೆ ಠಾಣೆಗೆ ಹೋಗಿ ವಿಚಾರಿಸಿ. ಬಂಧನವಾಗಿದ್ದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಬಂಧನದ ಕಾರಣವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಗುಬ್ಬಿ, ಕುಣಿಗಲ್ ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಸಹಾಯವಾಣಿ 15100. ಎಲ್ಲಿಟ್ಟಿದ್ದಾರೆಂದೇ ತಿಳಿಯದಿದ್ದರೆ ಅವರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹೈಕೋರ್ಟಿಗೆ ಹಾಕಬಹುದು. ತಡ ಮಾಡಿದರೆ ಎಂಥ ಅನಾಹುತವಾಗುತ್ತದೆ ನೋಡಿ: 2025ರ ಜೂನ್‌ನಲ್ಲಿ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬರನ್ನು ದೆಹಲಿಯಿಂದ ಒಯ್ದು ಗಡಿಯಾಚೆ ದಬ್ಬಿದರು. ಕರೆತನ್ನಿ ಎಂದು ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ಆದೇಶಿಸಿದರೂ ಅವರು ಮರಳಿದ್ದು ಡಿಸೆಂಬರ್‌ನಲ್ಲಿ.

ನಿಜವಾಗಿಯೂ ಹೊರದೇಶದವರಾದರೆ? ಬಚ್ಚಿಡಿ ಎಂದು ನಾನು ಹೇಳುತ್ತಿಲ್ಲ, ಅದು ಅಪರಾಧ. ಗಡೀಪಾರು ಮಾಡುವ ಅಧಿಕಾರ ಸರ್ಕಾರಕ್ಕಿದೆ. ಆದರೂ ಸಂವಿಧಾನದ 21ನೇ ವಿಧಿ ಕಾಯುವುದು ಪ್ರಜೆಗಳನ್ನು ಮಾತ್ರವಲ್ಲ, ಈ ನೆಲದ ಮೇಲಿರುವ ಪ್ರತಿ ವ್ಯಕ್ತಿಯನ್ನು. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಎತ್ತಿಹಿಡಿದಿದೆ. ಬಂಗಾಳಿ ನುಡಿಯಂತೂ ಕರ್ನಾಟಕಕ್ಕೆ ಹೊಸದಲ್ಲ. ಸಿಂಧನೂರಿನ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ದಶಕಗಳಿಂದ ಬಾಳುತ್ತಿವೆ.

ಪರದೇಶಗಳಲ್ಲಿ ನಮ್ಮವರೂ ಹೊರಗಿನವರೇ. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು. ಅವರ ಕೈಗೆ ಬೇಡಿ, ಕಾಲಿಗೆ ಸರಪಳಿ ಹಾಕಿದ್ದರೆಂದು ತಿಳಿದಾಗ ನಮ್ಮ ಹೊಟ್ಟೆ ಉರಿಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಲ್ಲಿನ ವಿದೇಶಿ ವಿದ್ಯಾರ್ಥಿಗಳ ವಾಸ್ತವ್ಯದ ದಾಖಲೆಗಳನ್ನು ಏಕಾಏಕಿ ರದ್ದು ಮಾಡಿದಾಗ ಮಕ್ಕಳನ್ನು ಓದಲು ಕಳಿಸಿದ ತಂದೆತಾಯಿಗೆ ನಿದ್ದೆ ಇರಲಿಲ್ಲ. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು, ತಡೆಯಾಜ್ಞೆಗಳು ಬಂದವು, ಅಲ್ಲಿನ ಸರ್ಕಾರ ದಾಖಲೆಗಳನ್ನು ಮತ್ತೆ ತೆರೆಯಬೇಕಾಯಿತು. ಆ ದೇಶದಲ್ಲಿ ನಮ್ಮ ಮಕ್ಕಳಿಗೆ ಸಿಗಲಿ ಎಂದು ನಾವು ಬಯಸಿದ ವಕೀಲ, ವಿಚಾರಣೆ, ಕಾಲಾವಕಾಶ, ಇವನ್ನೇ ನಮ್ಮ ಮನೆಗೆ ಟೈಲ್ಸ್ ಹಾಕುವ ಹುಡುಗನಿಗೂ ಕೇಳುತ್ತಿದ್ದೇನೆ.

ಕಾರ್ಮಿಕರನ್ನು ಇಟ್ಟುಕೊಂಡಿರುವ ಗುತ್ತಿಗೆದಾರರೇ, ಫಾರಂ ಮಾಲೀಕರೇ, ಅವರ ಹೆಸರು, ಊರು, ಮನೆಯವರ ಫೋನ್ ನಂಬರು ಒಂದು ಪುಸ್ತಕದಲ್ಲಿ ಈ ವಾರವೇ ಬರೆದಿಡಿ. ವಕೀಲ ಮಿತ್ರರೇ, ಇಂಥ ಕೇಸು ಬಂದರೆ ವಕಾಲತ್ತಿಗೆ ಹಿಂದೇಟು ಹಾಕಬೇಡಿ. ಯುವಕರೇ, ಅನುಮಾನ ಬಂದರೆ ಪೊಲೀಸರಿಗೆ ತಿಳಿಸಿ, ವಿಡಿಯೊ ಮಾಡಿ ಹಂಚಬೇಡಿ. ರೈತ ಬಂಧುಗಳೇ, ಪರಿಚಯದ ಅಮಾಯಕನಿಗೆ ಕೋರ್ಟು ಜಾಮೀನುದಾರರನ್ನು ಕೇಳಿದ ದಿನ ಪಹಣಿ ಹಿಡಿದು ದಯವಿಟ್ಟು ಬನ್ನಿ.