ಭೂಮಿ ಸುತ್ತಿ ಬಂದೆವು ಎನ್ನಲು ಏನೇನು ಬೇಕು?

2025ರ ಮೇ 29ರಂದು ಐಎನ್‌ಎಸ್‌ವಿ ತಾರಿಣಿ ಎಂಬ ಹಾಯಿದೋಣಿ ಗೋವಾದ ದಡ ಮುಟ್ಟಿತು. ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್‌ಗಳಾದ ಕೆ. ದಿಲ್ನಾ ಮತ್ತು ಎ. ರೂಪಾ ಅದರಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ಬಂದಿದ್ದರು. ಹೊರಟದ್ದು ಹಿಂದಿನ ವರ್ಷ ಅಕ್ಟೋಬರ್ 2ರಂದು. ಸಾಗಿದ್ದು ಸುಮಾರು 25,400 ನಾಟಿಕಲ್ ಮೈಲು, ಅಂದರೆ 47 ಸಾವಿರ ಕಿಲೋಮೀಟರ್. ಹಾರ ಹಾಕಿದ ಫೋಟೊ ಎಲ್ಲ ಕಡೆ ಬಂತು. ‘ಸುತ್ತುವುದು’ ಎಂದರೆ ಏನು ಎನ್ನುವುದು ಮಾತ್ರ ಹೆಚ್ಚು ಜನರಿಗೆ ತಲುಪಲಿಲ್ಲ.

ದಕ್ಷಿಣ ಧ್ರುವದಲ್ಲಿ ನೆಟ್ಟ ಕಂಬಕ್ಕೆ ಒಂದು ಪ್ರದಕ್ಷಿಣೆ ಹಾಕಿದರೆ ಎಲ್ಲ 360 ರೇಖಾಂಶಗಳನ್ನೂ ದಾಟಿದಂತೆಯೇ. ಅದನ್ನು ಭೂಪ್ರದಕ್ಷಿಣೆ ಎಂದು ಯಾರೂ ಒಪ್ಪುವುದಿಲ್ಲವಲ್ಲ! ಆದ್ದರಿಂದಲೇ ಹಾಯಿದೋಣಿಯವರ ಷರತ್ತುಗಳು ಬಿಗಿ. ಹೊರಟಲ್ಲಿಗೇ ಮರಳಬೇಕು, ಎಲ್ಲ ರೇಖಾಂಶ ದಾಟಬೇಕು, ಸಮಭಾಜಕ ವೃತ್ತವನ್ನು ಕನಿಷ್ಠ ಎರಡು ಸಲ ದಾಟಬೇಕು, ಕ್ರಮಿಸಿದ ದೂರ 21,600 ನಾಟಿಕಲ್ ಮೈಲಿಗೆ ಕಡಿಮೆ ಇರಬಾರದು. ಸೂಯೆಜ್, ಪನಾಮಾ ಕಾಲುವೆಗಳ ಅಡ್ಡದಾರಿ ಸಲ್ಲದು.

21,600 ಎಲ್ಲಿಂದ ಬಂತು? ವೃತ್ತಕ್ಕೆ 360 ಡಿಗ್ರಿ, ಡಿಗ್ರಿಗೆ 60 ಮಿನಿಟು, ಗುಣಿಸಿದರೆ 21,600. ಒಂದು ಮಿನಿಟಿಗೆ ಒಂದು ನಾಟಿಕಲ್ ಮೈಲು, ಅಂದರೆ 1,852 ಮೀಟರು. ಭೂಮಿಯ ಸೊಂಟದ ಸುತ್ತಳತೆ ಹೆಚ್ಚುಕಡಿಮೆ ಇಷ್ಟೇ. ಗೋವಾದಿಂದ ಹೊರಟವರಿಗೆ ಸಮಭಾಜಕದ ಷರತ್ತು ಕಷ್ಟವಲ್ಲ, ಹೋಗುವಾಗ ಬರುವಾಗ ಅದು ದಾರಿಯಲ್ಲೇ ಸಿಗುತ್ತದೆ. ಕೇಪ್‌ಟೌನಿನಿಂದ ಹೊರಡುವವರು ಅದಕ್ಕೆಂದೇ ಉತ್ತರಕ್ಕೆ ಏರಿ ಇಳಿಯಬೇಕು.

ದಕ್ಷಿಣಕ್ಕೇ ಇಳಿಯುವುದೇಕೆ ಎಂದರೆ, ಹಾಯಿಗೆ ಗಾಳಿಯೇ ಇಂಧನ. ಅಂಟಾರ್ಕ್ಟಿಕಾದ ಸುತ್ತಲಿನ ಸಾಗರದಲ್ಲಿ ಪಡುವಣ ಗಾಳಿ ವರ್ಷವಿಡೀ ಪೂರ್ವಕ್ಕೆ ಬೀಸುತ್ತದೆ, ಅಡ್ಡ ಬರುವ ನೆಲವೇ ಕಡಿಮೆ. ದೋಣಿಯನ್ನು ಓಡಿಸುವ ಆ ಗಾಳಿಯೇ ಅಲೆಗಳನ್ನೂ ಬೆಟ್ಟದಂತೆ ಬೆಳೆಸುತ್ತದೆ. ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರಕ್ಕೂ ಅಂಟಾರ್ಕ್ಟಿಕಾಕ್ಕೂ ನಡುವಿನ ಸುಮಾರು 800 ಕಿಲೋಮೀಟರ್ ಅಗಲದ ಸಂದಿಯಲ್ಲಿ ಇಡೀ ಸಾಗರವೇ ನುಗ್ಗಿದಂತಿರುತ್ತದೆ. ಅಲ್ಲಿನ ಬೇಸಿಗೆಯೊಳಗೆ, ಅಂದರೆ ನಮ್ಮ ಚಳಿಗಾಲದಲ್ಲಿ, ಅದನ್ನು ದಾಟಿಬಿಡುವುದು ಜಾಣತನ. ಗೋವಾದಿಂದ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹೊರಡುವುದು ಅದಕ್ಕೇ. ಹಾರ್ನ್ ತಲುಪುವ ಮೊದಲು ಈ ಇಬ್ಬರು ಪೆಸಿಫಿಕ್‌ನ ಪಾಯಿಂಟ್ ನೀಮೋ ಬಳಿ ಹಾದುಹೋದರು. ಅಲ್ಲಿಂದ ಯಾವ ದಿಕ್ಕಿಗೆ ಹೋದರೂ ಮೊದಲ ನೆಲ ಸಿಗಲು 2,600 ಕಿಲೋಮೀಟರಿಗೂ ಹೆಚ್ಚು ಸಾಗಬೇಕು. ಸಹಾಯಕ್ಕೆ ಕರೆದರೆ ಯಾರು ಬರಬೇಕು?

ಇದೇ ತಾರಿಣಿಯಲ್ಲಿ 2017–18ರಲ್ಲಿ ವರ್ತಿಕಾ ಜೋಷಿ ನೇತೃತ್ವದ ಆರು ಮಹಿಳೆಯರು ಇದೇ ಪ್ರದಕ್ಷಿಣೆ ಮುಗಿಸಿದ್ದರು. ಎರಡನೆಯ ಸಲ ಇದ್ದವರು ಇಬ್ಬರೇ. ಒಬ್ಬರು ಮಲಗಿದರೆ ಇನ್ನೊಬ್ಬರು ಎಚ್ಚರವಿರಬೇಕು. ಹಾಯಿ ಹರಿದರೆ ಹೊಲಿಯುವುದು, ಅಡುಗೆ, ಹವಾಮಾನ ನೋಡುವುದು, ಚುಕ್ಕಾಣಿ ಎಲ್ಲ ಅವರದೇ. ತಂಡ ಆರರಿಂದ ಎರಡಕ್ಕೆ ಇಳಿದರೆ ಕೆಲಸ ಮೂರು ಪಟ್ಟಾಗುತ್ತದೆ ಎಂಬ ಲೆಕ್ಕ ಕಾಗದದ ಮೇಲಿನದು. ನಿದ್ದೆಗೆ ಅಂಥ ಲೆಕ್ಕ ಅನ್ವಯಿಸುವುದಿಲ್ಲ. ‘ಮಹಿಳೆಯರ ಸಾಧನೆ’ ಎಂದಷ್ಟೇ ಹೊಗಳಿದರೆ ಈ ಸಾಹಸದ ಅರ್ಧ ಗಾತ್ರ ಕಣ್ಣಿಗೆ ಬೀಳುವುದಿಲ್ಲ ಎಂಬುದು ನನ್ನ ಅನಿಸಿಕೆ.

ಫ್ರೀಮ್ಯಾಂಟಲ್, ಲಿಟಲ್ಟನ್, ಪೋರ್ಟ್ ಸ್ಟ್ಯಾನ್ಲಿ, ಕೇಪ್‌ಟೌನ್ ಬಂದರುಗಳಲ್ಲಿ ದಿಲ್ನಾ ಮತ್ತು ರೂಪಾ ತಂಗಿದರು. ಹಾಗಾದರೆ ಇದು ಪೂರ್ಣ ಪ್ರದಕ್ಷಿಣೆಯೇ ಎಂದು ಕೆಲವರು ಕೇಳುತ್ತಾರೆ. ಹೌದು, ಆದರೆ ವರ್ಗ ಬೇರೆ. 2009–10ರಲ್ಲಿ ‘ಮ್ಹಾದೇಯಿ’ಯಲ್ಲಿ ಒಬ್ಬರೇ ಸುತ್ತಿದ ದಿಲೀಪ್ ದೋಂದೆ ಕೂಡ ತಂಗುತ್ತ ಹೋದವರು. 2012–13ರಲ್ಲಿ ಅದೇ ದೋಣಿಯಲ್ಲಿ ಅಭಿಲಾಷ್ ಟಾಮಿ ಎಲ್ಲಿಯೂ ದಡ ಮುಟ್ಟದೆ ಒಬ್ಬರೇ ಮುಂಬೈಗೆ ಮರಳಿದರು. ಇವೆರಡರ ನಡುವೆ ಮೇಲು ಕೀಳು ಅಳೆಯುವ ಬದಲು, ಸುದ್ದಿ ಬರೆಯುವವರು ಎಷ್ಟು ಜನ ಹೋದರು, ಎಲ್ಲೆಲ್ಲಿ ನಿಂತರು, ಯಾವ ದಾರಿ ಹಿಡಿದರು ಎಂಬ ಮೂರು ವಿವರ ಕೊಟ್ಟರೆ ಸಾಕು. ಉಳಿದದ್ದನ್ನು ಓದುಗರೇ ತೂಗಿಕೊಳ್ಳುತ್ತಾರೆ.