ಶಿಬಿರದ ದವಾಖಾನೆಗೆ ನಿಮ್ಮ ಕಸುಬು ಬೇಕಾಗಿದೆ

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಕೂತು ದೂರದೇಶದ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುತ್ತಿರುವ ಕನ್ನಡದ ಎಂಜಿನಿಯರುಗಳಲ್ಲಿ, ಅವರಿಗೆ ಸಂಬಳ ಕೊಡುವವರಲ್ಲಿ, ಕೈಲಾದಷ್ಟು ದಾನ ಮಾಡುವ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕೆಲಸದ ಒಂದು ಸಣ್ಣ ಪಾಲು ನಿರಾಶ್ರಿತರ ಶಿಬಿರದ ದವಾಖಾನೆಗೆ ಸಲ್ಲಲಿ. ಔಷಧಿ, ಹೊದಿಕೆ, ಅಕ್ಕಿ ಕಳಿಸುವವರು ಕಡಿಮೆಯಾದರೂ ಇದ್ದಾರೆ. ಅಲ್ಲಿನ ರೋಗಿಯ ಕೇಸ್ ಶೀಟು ಉಳಿಯುವಂತೆ ಮಾಡುವವರು ಬಹಳ ವಿರಳ.

ಬಾಂಗ್ಲಾದೇಶದ ಕಾಕ್ಸ್‌ಬಜಾರನ್ನೇ ನೋಡಿ. 2017ರ ಆಗಸ್ಟ್ 25ರ ನಂತರ ಕೆಲವೇ ತಿಂಗಳಲ್ಲಿ ಮ್ಯಾನ್ಮಾರಿನ ರಖೈನ್ ಪ್ರಾಂತದಿಂದ ಏಳು ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಜನ ಗಡಿ ದಾಟಿ ಬಂದರು. ಉಖಿಯಾ, ಟೆಕ್ನಾಫ್ ಸುತ್ತಲಿನ 33 ಶಿಬಿರಗಳಲ್ಲಿ, ಬಿದಿರು ಮತ್ತು ಟಾರ್ಪಾಲಿನ ಗುಡಿಸಲುಗಳಲ್ಲಿ, ಈಗ ಹತ್ತು ಲಕ್ಷಕ್ಕೂ ಮೀರಿ ಜನ ಇದ್ದಾರೆ. ಬಂದ ವರ್ಷದ ಕೊನೆಯಲ್ಲೇ ಗಂಟಲಮಾರಿ ಹಬ್ಬಿತು. ನಮ್ಮ ಕಡೆಯ ಎಷ್ಟೋ ವೈದ್ಯರು ಪುಸ್ತಕದಲ್ಲಿ ಮಾತ್ರ ಓದಿದ ಕಾಯಿಲೆ ಅದು. ಲಸಿಕೆ ಹಾಕಬೇಕು, ಅದೂ ಒಂದು ಸಲ ಹಾಕಿದರೆ ಸಾಲದು, ಅಂತರ ಬಿಟ್ಟು ಮತ್ತೆ ಹಾಕಬೇಕು. ಯಾವ ಮಗುವಿಗೆ ಎಷ್ಟು ಡೋಸು ಆಗಿದೆ? ಹೇಗೆ ಹುಡುಕುವುದು? ರೊಹಿಂಗ್ಯಾ ಜನರಲ್ಲಿ ಮನೆತನದ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಒಂದೇ ಹೆಸರಿನವರು ಒಂದೇ ಸಾಲಿನಲ್ಲಿ ಹತ್ತಾರು ಮಂದಿ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಎಂದು ಬರೆಯುವುದು ಹಲವು ಶಿಬಿರಗಳ ರೂಢಿ. ಅದೇ ಹೆಸರನ್ನು ಒಬ್ಬ ಗುಮಾಸ್ತ ಒಂದು ರೀತಿ ಬರೆದರೆ ಪಕ್ಕದ ದವಾಖಾನೆಯವನು ಇನ್ನೊಂದು ರೀತಿ ಬರೆಯುತ್ತಾನೆ. ಹೆಸರು, ಹುಟ್ಟಿದ ದಿನಾಂಕ, ಮೊಬೈಲ್ ನಂಬರು ಈ ಮೂರನ್ನೇ ನಂಬಿ ಕಟ್ಟಿದ ನಮ್ಮ ಸಾಫ್ಟ್‌ವೇರುಗಳು ಇಲ್ಲಿ ಮೊದಲ ಪರದೆಯಲ್ಲೇ ಸೋಲುತ್ತವೆ.

ಕಾಗದವೇ ಸಾಕಲ್ಲ ಅನ್ನುವವರಿಗೆ ಒಂದು ಮಾತು. 2021ರ ಮಾರ್ಚ್ 22ರಂದು ಆ ಶಿಬಿರಗಳಲ್ಲಿ ಬೆಂಕಿ ಬಿದ್ದು ಸುಮಾರು 45,000 ಜನ ಸೂರು ಕಳೆದುಕೊಂಡರು. ದವಾಖಾನೆಗಳೂ ಸುಟ್ಟುಹೋದವು. ಗುಡಿಸಲಿನೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಚೀಟಿಗಳ ಕತೆ ಹೇಳಬೇಕಾಗಿಲ್ಲ. ಹಾಗಾದರೆ ಎಲ್ಲವನ್ನೂ ಕ್ಲೌಡಿಗೆ ಹಾಕೋಣವೇ? 2019ರ ಸೆಪ್ಟೆಂಬರಿನಲ್ಲಿ ಸರ್ಕಾರವೇ ಶಿಬಿರಗಳಲ್ಲಿ 3ಜಿ, 4ಜಿ ಸೇವೆ ನಿಲ್ಲಿಸಲು ಆದೇಶಿಸಿತು. ಮರಳಿ ಬಂದದ್ದು 2020ರ ಆಗಸ್ಟಿನಲ್ಲಿ, ಅಂದರೆ ಕೋವಿಡ್ಡಿನ ಮೊದಲ ತಿಂಗಳುಗಳೆಲ್ಲ ಸರಿಯಾದ ನೆಟ್ ಇಲ್ಲದೆ ಕಳೆದವು. ದಾಖಲೆ ಬೆಂಕಿಯನ್ನೂ ತಡೆದುಕೊಳ್ಳಬೇಕು, ನೆಟ್ ಇಲ್ಲದೆಯೂ ನಡೆಯಬೇಕು. ನಮಗೆ ಎಂಜಿನಿಯರುಗಳು ಬೇಕಾಗಿರುವುದು ಇಂಥ ಕೆಲಸಕ್ಕೇ ತಾನೆ?

ಲೆಕ್ಕ ಅಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಈ ವಾರ ಎಷ್ಟು ಜ್ವರ, ಎಷ್ಟು ಭೇದಿ, ಎಷ್ಟು ಹೆರಿಗೆ ಎಂಬ ಒಟ್ಟು ಲೆಕ್ಕವನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಟ್ಯಾಬ್ಲೆಟ್ಟುಗಳಲ್ಲಿ ಕೂಡಿಸುತ್ತದೆ. ರೋಗ ಹಬ್ಬುವುದನ್ನು ಬೇಗ ಹಿಡಿಯಲು ಅದು ಬೇಕೇ ಬೇಕು. ಆದರೆ ಹೋದ ತಿಂಗಳು ಬಿ.ಪಿ. ಮಾತ್ರೆ ಒಯ್ದ ಹೆಂಗಸು ಈ ತಿಂಗಳು ಯಾಕೆ ಬರಲಿಲ್ಲ ಎಂದು ಅದು ಹೇಳುವುದಿಲ್ಲ. ದವಾಖಾನೆಯ ರಿಜಿಸ್ಟರಿನಲ್ಲಿ ಬಂದವರ ಹೆಸರಿರುತ್ತದೆ. ಬಾರದವರ ಹೆಸರು ಇರುವುದಿಲ್ಲ. ದೀರ್ಘಕಾಲದ ಕಾಯಿಲೆಯಲ್ಲಿ ಅಪಾಯ ಹೆಚ್ಚು ಈ ಎರಡನೆಯವರಿಗೇ.

ಪ್ಯಾಲೆಸ್ತೀನಿ ನಿರಾಶ್ರಿತರನ್ನು ನೋಡಿಕೊಳ್ಳುವ ಯುಎನ್‌ಆರ್‌ಡಬ್ಲ್ಯುಎ ಇದನ್ನು ಬಹಳ ಮೊದಲೇ ಕಂಡುಕೊಂಡಿತು. 2009ರಿಂದ ತನ್ನ ಆರೋಗ್ಯ ಕೇಂದ್ರಗಳಿಗೆ ಇ-ಹೆಲ್ತ್ ಎಂಬ ದಾಖಲೆ ವ್ಯವಸ್ಥೆಯನ್ನು ತಂದಿತು. ಜೋರ್ಡಾನಿನ ಅಮ್ಮಾನ್ ನಗರದ ನುಝಾ ಕೇಂದ್ರದಲ್ಲಿ ಕ್ಷಯರೋಗಿಗಳ ಲೆಕ್ಕವಿಡುವ ಹಳೆಯ ಪದ್ಧತಿಯನ್ನು ಬಿ.ಪಿ., ಶುಗರ್ ರೋಗಿಗಳಿಗೆ ಅನ್ವಯಿಸಿದರು. ಈ ಮೂರು ತಿಂಗಳಲ್ಲಿ ಹೆಸರು ಬರೆಸಿದವರು ಇಷ್ಟು, ಅವರಲ್ಲಿ ಬಂದವರು ಎಷ್ಟು, ಹತೋಟಿಗೆ ಬಂದವರು ಎಷ್ಟು, ಕಾಣೆಯಾದವರು ಎಷ್ಟು ಎಂದು ಪ್ರತಿ ಗುಂಪಿಗೂ ಬೇರೆ ಬೇರೆ ಲೆಕ್ಕ. ಕೈಯಲ್ಲಿ ಮಾಡಿದರೆ ದಿನಗಟ್ಟಲೆ ಹಿಡಿಯುವ ಕೆಲಸವನ್ನು ಕಂಪ್ಯೂಟರು ಕೂಡಲೇ ಮಾಡುತ್ತದೆ. ಸೈಂಟಿಫಿಕ್ ಆಗಿ ಕೇಳಿಸುವ ಯಾವ ಎಐಗಿಂತಲೂ ನನಗೆ ಇದು ದೊಡ್ಡದು ಅನ್ನಿಸುತ್ತದೆ.

ಕಾಕ್ಸ್‌ಬಜಾರಿನಲ್ಲಿ ಇದರ ತುರ್ತು ಎಷ್ಟು? 2023ರಲ್ಲಿ ವೈದ್ಯಕೀಯ ನೆರವಿನ ಸಂಸ್ಥೆ ಎಂಎಸ್‌ಎಫ್ ನಡೆಸಿದ ಸಮೀಕ್ಷೆಯಲ್ಲಿ ಪರೀಕ್ಷೆಗೊಳಗಾದ ವಯಸ್ಕರ ಪೈಕಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಹೆಪಟೈಟಿಸ್ ಸಿ ಸೋಂಕು ಕಂಡಿತು. ಮಾತ್ರೆಯಿಂದ ವಾಸಿಯಾಗುವ ಕಾಯಿಲೆ, ಆದರೆ ವಾರಗಟ್ಟಲೆ ತಪ್ಪದೆ ನುಂಗಬೇಕು, ಮುಗಿದ ಮೇಲೆ ಮತ್ತೆ ರಕ್ತ ನೋಡಬೇಕು. ಯಾರು ಎಲ್ಲಿ ಬಿಟ್ಟರು ಎಂದು ತಿಳಿಯದಿದ್ದರೆ ದುಬಾರಿ ಔಷಧಿ ನೀರಿಗೆ ಹಾಕಿದಂತೆ.

ಈಗ ಹೆದರಿಕೆಯ ಮಾತು. ಇದನ್ನು ಹೇಳದೆ ನಿಮ್ಮನ್ನು ಈ ಕೆಲಸಕ್ಕೆ ಕರೆದರೆ ಅದು ಮೋಸ. ಅದೇ ಶಿಬಿರಗಳಲ್ಲಿ ಯುಎನ್‌ಎಚ್‌ಸಿಆರ್ ಜೊತೆಗೂಡಿ ಬೆರಳಚ್ಚು ತೆಗೆದುಕೊಂಡು ಗುರುತಿನ ಕಾರ್ಡು ಕೊಟ್ಟ ನೋಂದಣಿಯಿಂದ ಕನಿಷ್ಠ 8,30,000 ರೊಹಿಂಗ್ಯಾ ಜನರ ಹೆಸರು, ವಿವರಗಳನ್ನು ಬಾಂಗ್ಲಾದೇಶ ಮ್ಯಾನ್ಮಾರಿಗೆ ಒಪ್ಪಿಸಿತು ಎಂದು 2021ರ ಜೂನಿನಲ್ಲಿ ಹ್ಯೂಮನ್ ರೈಟ್ಸ್ ವಾಚ್ ಹೊರಗೆಡವಿತು. ಯಾವ ಸರ್ಕಾರದಿಂದ ತಪ್ಪಿಸಿಕೊಂಡು ಓಡಿಬಂದರೋ ಅದೇ ಸರ್ಕಾರದ ಕೈಗೆ! ಒಪ್ಪಿಗೆ ಪಡೆದೇ ಮಾಡಿದ್ದು ಎಂದು ಯುಎನ್‌ಎಚ್‌ಸಿಆರ್ ಹೇಳಿತು. ನಮ್ಮನ್ನು ಯಾರೂ ಕೇಳಲಿಲ್ಲ ಎಂದು ಹಲವು ನಿರಾಶ್ರಿತರು ಹೇಳಿದರು. ಅದು ವೈದ್ಯಕೀಯ ದಾಖಲೆಯಲ್ಲ, ನಿಜ. ಆದರೆ ವೈದ್ಯಕೀಯ ದಾಖಲೆಯನ್ನು ಆ ಗುರುತಿನ ನಂಬರಿಗೆ ಹೊಲಿದುಬಿಟ್ಟರೆ ಇದೂ ಅದೇ ದಾರಿ ಹಿಡಿಯಲು ಎಷ್ಟು ಹೊತ್ತು? 2022ರ ಜನವರಿಯಲ್ಲಿ ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿಯ ಸರ್ವರುಗಳಿಗೆ ಕನ್ನ ಹಾಕಿದವರ ಕೈಗೆ 5,15,000ಕ್ಕೂ ಹೆಚ್ಚು ನೊಂದ ಜನರ ಮಾಹಿತಿ ಸಿಕ್ಕಿತ್ತು. ಆದ್ದರಿಂದ ನನ್ನ ಬೇಡಿಕೆಯಲ್ಲಿ ಮೊದಲನೆಯದು, ಕಡಿಮೆ ಕೇಳಿ. ಬಿ.ಪಿ. ಮಾತ್ರೆ ಕೊಡಲು ಧರ್ಮ, ಹುಟ್ಟೂರು, ಗಡಿ ದಾಟಿದ ದಾರಿ ಬೇಕಿಲ್ಲ. ದವಾಖಾನೆಯ ನಂಬರು ದವಾಖಾನೆಯದೇ ಆಗಿರಲಿ.

ಇಷ್ಟೆಲ್ಲ ನಮಗ್ಯಾಕೆ ಎಂದು ಕೇಳುವವರು ಇದ್ದಾರೆ. ಯಾರು ಬರಬೇಕು, ಯಾರು ಬರಬಾರದು ಎಂಬ ಜಗಳ ಬೇರೆ. ಬಂದವನ ಕಾಯಿಲೆ ಬೇರೆ. ಅಲ್ಲದೆ ಇದು ನಮಗೆ ಹೊಸದೂ ಅಲ್ಲ. 1960ರ ದಶಕದ ಮೊದಲಲ್ಲೇ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ನೆಲ ಕೊಟ್ಟ ನಾಡಿದು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ಕೊಟ್ಟೆವು. ಅವರಲ್ಲಿ ಕ್ಷಯ ಬಹುಕಾಲದ ಕಾಟ. ಚಳಿಗಾಲ ಬಂದರೆ ಸ್ವೆಟರ್ ಮಾರಲು ಊರೂರು ಸುತ್ತುವವರು ಆರು ತಿಂಗಳ ಔಷಧಿಯನ್ನು ಒಂದೇ ಕಡೆ ಕೂತು ನುಂಗುವುದು ಹೇಗೆ? ಕ್ಷಯರೋಗಿಗಳ ದಾಖಲೆಗಾಗಿ ನಮ್ಮ ದೇಶದಲ್ಲಿರುವ ನಿಕ್ಷಯ್ ಪೋರ್ಟಲ್ಲಿನಲ್ಲಿ ರೋಗಿಯನ್ನು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ವರ್ಗಾಯಿಸಲು ದಾರಿಯಿದೆ. ಆ ಊರುಗಳ ಸುತ್ತಮುತ್ತ ಇರುವ ದಾದಿಯರೇ, ಫಾರ್ಮಸಿಸ್ಟರೇ, ಆ ಬಟನ್ನು ಒತ್ತಿ, ಹೋಗುವವರ ಕೈಗೆ ನಂಬರು ಬರೆದ ಚೀಟಿಯನ್ನೂ ಕೊಡಿ. ಆಧಾರ್ ತಂದಿಲ್ಲವೆಂದು ಯಾರನ್ನೂ ಕೌಂಟರಿನಿಂದ ಮರಳಿ ಕಳಿಸಬೇಡಿ.

ಎಂಜಿನಿಯರುಗಳೇ, ನಿಮಗೆ ಹೊಸದಾಗಿ ಏನನ್ನೂ ಹುಟ್ಟಿಸುವ ಅಗತ್ಯವಿಲ್ಲ. ದಯವಿಟ್ಟು ಹುಟ್ಟಿಸಬೇಡಿ ಕೂಡ. ಎರಡು ದಿನದ ಹ್ಯಾಕಥಾನಿನಲ್ಲಿ ಪಿಜ್ಜಾ ತಿಂದು ಮಾಡಿದ ಆ್ಯಪುಗಳು ಬಹುಮಾನದ ಫೋಟೋ ಹಳತಾಗುವ ಮೊದಲೇ ಸತ್ತಿರುತ್ತವೆ. ಓಪನ್‌ಎಂಆರ್‌ಎಸ್ ಎಂಬ ರೋಗಿ ದಾಖಲೆಯ ಸಾಫ್ಟ್‌ವೇರ್ ಕೆನ್ಯಾದ ಎಲ್ಡೊರೆಟ್ಟಿನಲ್ಲಿ ಎಚ್‌ಐವಿ ರೋಗಿಗಳಿಗಾಗಿ 2004ರ ಸುಮಾರಿಗೆ ಶುರುವಾದದ್ದು. ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದಾದ ಕೋಡ್. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ‘ಅಂದಾಜು’ ಎಂದು ಗುರುತು ಹಾಕಲು ಅದರಲ್ಲಿ ಜಾಗವಿದೆ. ಅದರ ಮೇಲೆ ಕಟ್ಟಿದ ಬಾಹ್ಮ್ನಿ ನಮ್ಮ ದೇಶದ್ದೇ. ಛತ್ತೀಸಗಡದ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗದವರ ಹಳ್ಳಿಯ ಆಸ್ಪತ್ರೆಗಾಗಿ ಥಾಟ್‌ವರ್ಕ್ಸ್‌ನ ಭಾರತೀಯ ತಂಡ ಮಾಡಿದ್ದು. ಇರಾಕ್, ಸಿರಿಯಾ, ಯೆಮನ್‌ಗಳ ಯುದ್ಧದಲ್ಲಿ ಗಾಯಗೊಂಡವರಿಗೆ ಶಸ್ತ್ರಚಿಕಿತ್ಸೆ ಮಾಡುವ ಅಮ್ಮಾನಿನ ಎಂಎಸ್‌ಎಫ್ ಆಸ್ಪತ್ರೆಯೂ ಅದನ್ನೇ ಬಳಸಿತು.

ಕಂಪನಿಗಳವರು ಸಿಎಸ್‌ಆರ್ ಹಣ ದೇಶದ ಹೊರಗೆ ಖರ್ಚಾಗುವಂತಿಲ್ಲ ಎನ್ನುತ್ತೀರಿ. ಕಾನೂನು ಹಾಗೇ ಇದೆ. ಆದರೆ ಕೋಡಿಗೆ ಗಡಿ ಎಲ್ಲಿದೆ? ರಾಯಚೂರಿನದೋ ಚಾಮರಾಜನಗರದ್ದೋ ಒಂದು ಸಣ್ಣ ಆಸ್ಪತ್ರೆಯಲ್ಲಿ ನೆಟ್ ಹೋದಾಗಲೂ ಬಾಹ್ಮ್ನಿ ಚೆನ್ನಾಗಿ ನಡೆಯುವಂತೆ ಮಾಡಿ, ತಿದ್ದಿದ ಕೋಡನ್ನು ಎಲ್ಲರಿಗೂ ಬಿಟ್ಟುಕೊಡಿ. ಅದು ತಾನಾಗಿ ಅಲ್ಲಿಗೂ ಹೋಗುತ್ತದೆ. ದಾನ ಕೊಡುವವರು ಟ್ಯಾಬ್ಲೆಟ್ಟಿನ ಮೇಲೆ ಹೆಸರು ಬರೆಸಿಕೊಳ್ಳುವ ಬದಲು ಬ್ಯಾಟರಿಗೆ, ಡೇಟಾ ಎಂಟ್ರಿ ಮಾಡುವ ಹುಡುಗಿಯ ಸಂಬಳಕ್ಕೆ, ಅದೂ ಎರಡನೆಯ ವರ್ಷದ ಸಂಬಳಕ್ಕೆ, ಕೊಡಿ. ಯೋಜನೆಗಳು ಸೊರಗುವುದು ಹೆಚ್ಚಾಗಿ ಆ ವರ್ಷದಲ್ಲೇ.

ಶುರುವಿಗೆ ಈ ಭಾನುವಾರ ಒಂದು ಕೆಲಸ ಮಾಡಿ. ಓಪನ್‌ಎಂಆರ್‌ಎಸ್ಸನ್ನೋ ಬಾಹ್ಮ್ನಿಯನ್ನೋ ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳಿ. ವೈಫೈ ಆರಿಸಿ. ಒಂದೇ ಪದದ ಹೆಸರಿರುವ, ಹುಟ್ಟಿದ ದಿನ, ಫೋನು, ವಿಳಾಸ ಯಾವುದೂ ಇಲ್ಲದ ಒಬ್ಬ ಹೆಂಗಸನ್ನು ರೋಗಿಯಾಗಿ ಸೇರಿಸಿ. ಅದೇ ಹೆಸರಿನ ಇನ್ನೂ ಐವರನ್ನು ಸೇರಿಸಿ. ಬಳಿಕ ಅವರಲ್ಲಿ ಮೊದಲನೆಯವಳನ್ನು ಹುಡುಕಿ ತೆಗೆಯಲು ನೋಡಿ. ಎಲ್ಲಿ ತಡವರಿಸಿತು ಎಂಬುದನ್ನು ಬರೆದು ಆ ಕೋಡ್ ನೋಡಿಕೊಳ್ಳುವವರಿಗೆ ಕಳಿಸಿ. ಕೈ ಕಡಿಯುತ್ತಿದ್ದರೆ ನೀವೇ ತಿದ್ದಿ ಕಳಿಸಿ.